ಹನ್ನೆರಡನೆಯ ಚುಕ್ಕಿ

ಹೋದ ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿಗೆಂದು ಹಿಟ್ಟಿನ ಪೊಟ್ಟಣ ಬಿಚ್ಚುವಾಗ ಕೈ ಜಾರಿ ಒಂದು ಹಿಡಿ ಹಿಟ್ಟು ಒಲೆಯ ಮೇಲೆ ಚೆಲ್ಲಿಹೋಯಿತು. ನನ್ನದು ಗಾಜಿನ ಕರೆಂಟ್ ಒಲೆ. ಕಡುಕಪ್ಪು, ಒರೆಸಿದಷ್ಟೂ ಬೆರಳಿನ ಗುರುತು ತೋರಿಸುವ ಜಾತಿಯದು. ನನ್ನನ್ನು ನಾನೇ ಬೈದುಕೊಳ್ಳುತ್ತಾ ಬಟ್ಟೆ ತರಲು ತಿರುಗಿದವಳು ಹಾಗೇ ನಿಂತುಬಿಟ್ಟೆ. ಕಪ್ಪಿನ ಮೇಲೆ ಬಿಳಿ ಹಿಟ್ಟು, ಅದರ ಒಣ ಒಣ, ತುಸು ಸಿಹಿಯಾದ ಹಸಿ ವಾಸನೆ. ಹೆಡಿಂಗ್ಲೀಯ ಈ ಸಾಲುಮನೆಯ ಅಡಿಗೆಮನೆ ಎಲ್ಲೋ ಹೋಗಿ, ನಾನು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ನಮ್ಮ ಹಳೆಯ ಮನೆಯ ಪೋರ್ಚಿನಲ್ಲಿ, ಒಂದೇ ಕಾಲಿಗೆ ಸ್ಕೂಲ್ ಶೂ ಹಾಕಿಕೊಂಡು, ತಣ್ಣನೆಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆ. ಎದುರಿಗೆ ಪದ್ದತ್ತೆಯ ಕಪ್ಪು ಟ್ರೇ. ನೀವೂ ಎಂದಾದರೂ ಇಂಥದೊಂದು ವಾಸನೆಗೆ ಸಿಕ್ಕಿಬಿದ್ದಿದ್ದರೆ ನಿಮಗೆ ಗೊತ್ತಿರುತ್ತದೆ, ಅದು ಹೇಳಿ ಕೇಳಿ ಬರುವುದಿಲ್ಲ, ಬಂದ ಮೇಲೆ ಬೇಗ ಬಿಡುವುದೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಅಪ್ಪ ಅಮ್ಮ ಮ್ಯಾಂಚೆಸ್ಟರಿನಿಂದ ಬರುವವರಿದ್ದರು, ನಾನಿನ್ನೂ ಹಿಟ್ಟು ಕಲಸಿರಲಿಲ್ಲ.

ಆ ಮನೆ ಈಗ ನಮ್ಮದಲ್ಲ. ಪೋರ್ಚನ್ನು ಕೆಡವಿ ಯಾರೋ ಅಲ್ಲಿ ದೊಡ್ಡ ಗಾಜಿನ ಬಾಗಿಲು ಕೂರಿಸಿದ್ದಾರೆ, ಮುಂದಿನ ಹೂವಿನ ಪಾತಿಯ ಜಾಗದಲ್ಲಿ ಎರಡು ಕಾರು ನಿಲ್ಲುತ್ತವೆ, ಸ್ವಲ್ಪ ಆಚೆ ಟ್ರಾಮ್ ಓಡುತ್ತದೆ. ನಾನು ಹೇಳುತ್ತಿರುವುದು ಟ್ರಾಮ್ ಬರುವ ಎಷ್ಟೋ ಮೊದಲಿನ ಮಾತು. ಕೆಂಪು ಇಟ್ಟಿಗೆಯ ಜೋಡಿಮನೆ, ಒಂದು ಗೋಡೆಯ ಈಚೆ ನಾವು, ಆಚೆ ಮಾರ್ಗರೆಟ್ ಎಂಬ ಒಂಟಿ ಹೆಂಗಸು. ಪದ್ದತ್ತೆ ಮೊದಲ ಸಲ ಬಂದಾಗ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದಳು. ಮೊದಲನೆಯ ದಿನ ಅದರ ಮೇಲೆ ಮಳೆ ಸುರಿಯಿತು. ಎರಡನೆಯ ದಿನ ಪೋಸ್ಟಿನವನು ಅದು ಏನೋ ಚೆಲ್ಲಿದ್ದು ಎಂದುಕೊಂಡು ಎಚ್ಚರಿಕೆಯಿಂದ ದಾಟಲು ಹೋಗಿ ಸರಿಯಾಗಿ ನಡುವೆಯೇ ಕಾಲಿಟ್ಟ. ಮೂರನೆಯ ದಿನ ಮತ್ತೆ ಮಳೆ. ಅತ್ತೆ ಆಕಾಶವನ್ನೊಮ್ಮೆ ನೋಡಿ, "ನಿನಗೂ ನನಗೂ ಆಗಿಬರಲ್ಲ ಬಿಡು" ಎಂದು ಒಳಗೆ ಬಂದಳು. ಆ ವಾರವೇ ಮಾರ್ಗರೆಟ್ ಮೂಲೆ ನೆಗ್ಗಿದ ಒಂದು ದೊಡ್ಡ ಕಪ್ಪು ಓವನ್ ಟ್ರೇಯನ್ನು ಕಸದ ಡಬ್ಬಿಯ ಪಕ್ಕ ಇಟ್ಟಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಅದನ್ನು ಕೇಳಿ ತಂದು, ಮೂರು ಸಲ ತಿಕ್ಕಿ, ಬೋರಲು ಹಾಕಿ, ಪೋರ್ಚಿನ ನೆಲದ ಮೇಲಿಟ್ಟಳು. ಅಂದಿನಿಂದ ನಮ್ಮ ಮನೆಯ ರಂಗೋಲಿ ಟ್ರೇಯ ಬೆನ್ನ ಮೇಲೆ, ಸೂರಿನ ಕೆಳಗೆ, ಮಳೆಗೂ ಪೋಸ್ಟಿನವನಿಗೂ ಸಿಗದ ಹಾಗೆ ಇರತೊಡಗಿತು. ದಿನ ಬಿಟ್ಟು ದಿನ ಮಾರ್ಗರೆಟ್ ಬಾಗಿಲಲ್ಲಿ ಇಣುಕಿ ಇವತ್ತಿನದು ಚೆನ್ನಾಗಿದೆಯೇ ಇಲ್ಲವೇ ಎಂದು ತೀರ್ಪು ಕೊಟ್ಟು ಹೋಗುತ್ತಿದ್ದಳು.

ಪದ್ದತ್ತೆ ಅಪ್ಪನ ಅಕ್ಕ. ಮೈಸೂರಿನ ಒಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಡಮ್ಮಾಗಿದ್ದವಳು. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು. ನನಗೆ ಎಂಟು ತುಂಬಿದ ವರ್ಷ ಅಪ್ಪ ಅಮ್ಮ ಇಬ್ಬರಿಗೂ ಆಸ್ಪತ್ರೆಯಲ್ಲಿ ಉಸಿರಾಡಲೂ ಬಿಡುವಿಲ್ಲದಾಗ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಬಂದಳು. ಆರು ತಿಂಗಳ ವೀಸಾ. ಸೆಪ್ಟೆಂಬರಿನಲ್ಲಿ ಸ್ಕೂಲು ಶುರುವಾಗುವಾಗ ಬಂದು, ಚಳಿಗಾಲ ಮುಗಿದು ಕ್ರೋಕಸ್ ಹೂ ಬಿಡುವ ಹೊತ್ತಿಗೆ ಹೋಗುತ್ತಿದ್ದಳು. ಈ ದೇಶದ ಬೆಳಕಿನ ಅರ್ಧವನ್ನು ಬೇರೆಯವರಿಗೆ ಬಿಟ್ಟು ಕತ್ತಲಿನ ಅರ್ಧವನ್ನೇ ಅವಳು ತನಗೆ ಇಟ್ಟುಕೊಂಡಿದ್ದಳು ಎಂದು ಈಗ ಅನ್ನಿಸುತ್ತದೆ. ಹತ್ತಿ ಸೀರೆ, ಅದರ ಮೇಲೆ ಅಪ್ಪನ ಹಳೆಯ ಕಾರ್ಡಿಗನ್, ಕಾಲಿಗೆ ಉಣ್ಣೆಯ ಕಾಲುಚೀಲ. ಹೆಬ್ಬೆರಳಿಗೆ ಬೇರೆ ಜಾಗ ಬೇಕೆಂದು ಕಾಲುಚೀಲವನ್ನು ತಾನೇ ಕತ್ತರಿಸಿ ಹೊಲಿದುಕೊಂಡಿದ್ದಳು. ಅವಳ ಬೆರಳುಗಳ ಬಗ್ಗೆ ಹೇಳಲೇಬೇಕು. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಹಿಟ್ಟು ಬಿಡುವಾಗ ಆ ಎಳೆ ಒಮ್ಮೆಯೂ ದಪ್ಪ ತೆಳು ಆಗುತ್ತಿರಲಿಲ್ಲ. ಚುಕ್ಕಿಗಳಂತೂ, ಅಳತೆಪಟ್ಟಿ ಇಟ್ಟು ನೋಡಿದರೂ ಒಂದು ಕೂದಲು ಆಚೀಚೆ ಇಲ್ಲ. ನಾನು ನಿಜವಾಗಿಯೂ ಒಂದು ದಿನ ಸ್ಕೂಲಿನ ಅಳತೆಪಟ್ಟಿ ಇಟ್ಟು ನೋಡಿದೆ. "ತನಿಖೆ ಆಯ್ತೇನಮ್ಮ ಇನ್‌ಸ್ಪೆಕ್ಟರ್?" ಎಂದಳು.

ಆ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು. ರಾತ್ರಿ ಊಟಕ್ಕೆ ನಾಲ್ಕು ತಟ್ಟೆ. ಅಪ್ಪ ಕಿಟಕಿಯ ಪಕ್ಕ, ಅಮ್ಮ ಒಲೆಗೆ ಹತ್ತಿರ, ಅತ್ತೆ ಅಮ್ಮನ ಎದುರು, ನಾನು ಎಲ್ಲರನ್ನೂ ನೋಡಬಹುದಾದ ಕಡೆ. ಸಾರಿನ ಹಬೆಗೆ ಕಿಟಕಿಯ ಗಾಜು ಮಂಜಾಗುವುದು, ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುವುದು, ಅಂಗಿಯಲ್ಲಿ ಒರೆಸಬೇಡ ಎಂದು ಅಮ್ಮ ರೇಗುವುದು, "ಚಿಕ್ಕಂದಿನಿಂದಲೂ ಹೀಗೇ ಇವನು" ಎಂದು ಅತ್ತೆ ಉರಿಗೆ ತುಪ್ಪ ಸುರಿಯುವುದು. ಇಷ್ಟೇ. ಇದಕ್ಕಿಂತ ದೊಡ್ಡ ಸುಖ ಇರಬಹುದೆಂದು ನನಗೆ ಗೊತ್ತಿರಲಿಲ್ಲ, ಈಗಲೂ ಅಂಥ ಗುಮಾನಿಯೇನಿಲ್ಲ. ಆದರೆ ಈ ನಾಲ್ಕು ತಟ್ಟೆ ಕೂಡಿಬರಬೇಕಾದರೆ ಆಸ್ಪತ್ರೆಯ ರೋಟಾ, ಅಂದರೆ ಡ್ಯೂಟಿ ಪಟ್ಟಿ, ಒಪ್ಪಬೇಕಿತ್ತು. ಅಪ್ಪ ಅರಿವಳಿಕೆಯ ಡಾಕ್ಟರು, ಅಮ್ಮ ಮಕ್ಕಳ ಡಾಕ್ಟರು, ಬೇರೆ ಬೇರೆ ಊರಿನ ಬೇರೆ ಬೇರೆ ಆಸ್ಪತ್ರೆ. ಆನ್-ಕಾಲ್ ಇದ್ದ ದಿನ ಸಂಜೆ ಮನೆಗೆ ಬರದೆ ಅಲ್ಲೇ ಇರಬೇಕು, ಮರುದಿನದ ಕೆಲಸವನ್ನೂ ಮುಗಿಸಿಯೇ ಬರಬೇಕು. ಶನಿವಾರ ಭಾನುವಾರ ಎಂಬ ಭೇದವಿರಲಿಲ್ಲ. ಯಾಕೆ ಇವತ್ತೂ ಬರಲ್ಲ ಎಂದು ನಾನು ಅಳುಮೋರೆ ಮಾಡಿದಾಗ ಅಪ್ಪ ನನ್ನ ತಲೆ ಸವರಿ ಹೇಳಿದ್ದ: "ನಂದು ಒನ್ ಇನ್ ತ್ರೀ, ನಿಮ್ಮಮ್ಮಂದು ಒನ್ ಇನ್ ಫೋರ್. ಅಷ್ಟೇ ಕಣೋ ಪುಟ್ಟ."

ಅದೇ ತಿಂಗಳು ಸ್ಕೂಲಿನಲ್ಲಿ ಭಿನ್ನರಾಶಿ ಶುರುವಾಗಿತ್ತು. ನಾನು ರೂಮಿಗೆ ಹೋಗಿ ಅಪ್ಪನ ಮಾತನ್ನು ಲೆಕ್ಕ ಮಾಡಿದೆ. ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು. ಮೇಲಿನ ಒಂದಕ್ಕೆ ಒಂದು ಸೇರಿಸಿದರೆ ಎರಡು, ಕೆಳಗಿನ ಮೂರಕ್ಕೆ ನಾಲ್ಕು ಸೇರಿಸಿದರೆ ಏಳು. ಏಳರಲ್ಲಿ ಎರಡು! ನನಗೆ ರೋಮಾಂಚನವಾಯಿತು. ಏಳು ಎಂದರೆ ಒಂದು ವಾರ ತಾನೇ? ಅಂದಮೇಲೆ ವಾರಕ್ಕೆ ಎರಡು ದಿನ ಯಾರಾದರೂ ಇರುವುದಿಲ್ಲ, ಉಳಿದ ಐದು ದಿನ ನಾಲ್ಕು ತಟ್ಟೆ. ಇಷ್ಟು ಚೊಕ್ಕವಾಗಿ ಬಂದ ಉತ್ತರ ತಪ್ಪಾಗಲು ಸಾಧ್ಯವೇ ಇಲ್ಲ ಎಂದುಕೊಂಡೆ. ಡಾಕ್ಟರುಗಳ ಮನೆಯಲ್ಲಿ ಹುಟ್ಟದ ಮಗುವಿಗೆ ಈ ತಪ್ಪು ಹೀಗೆ ಒಲಿಯುತ್ತಿರಲಿಲ್ಲ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ. ಮುಂದಿನ ಸೋಮವಾರದಿಂದ ನಾನು ಐದು ಸಂಜೆಗಳಿಗಾಗಿ ಕಾದೆ. ಒಂದು ವಾರ ಮೂರು ಬಂತು. ಅದರ ಮುಂದಿನ ವಾರ ನಾಲ್ಕು ಬಂದಾಗ ಆಸೆ ಚಿಗುರಿತು. ಆಮೇಲಿನ ವಾರ ಮತ್ತೆ ಮೂರೇ. ಬುಧವಾರ ಸಂಜೆ ಅಪ್ಪನ ಕಾರಿಗಾಗಿ ಮುಂದಿನ ಕೋಣೆಯ ಪರದೆ ಸರಿಸಿ ನಿಂತಿದ್ದವಳಿಗೆ, ಅಪ್ಪ ಇವತ್ತೂ ಇಲ್ಲ ಎಂದು ಅಮ್ಮ ಹೇಳಿದಳು. ಲೆಕ್ಕ ಸುಳ್ಳಾಡುವುದಿಲ್ಲ, ಅಂದಮೇಲೆ ಸುಳ್ಳಾಡುತ್ತಿರುವುದು ಅಪ್ಪ. ಅವನಿಗೆ ಮನೆಗೆ ಬರಬೇಕೆಂದೇ ಇಲ್ಲ. ಮಾರನೆಯ ದಿನ ಅವನು ಬಂದು ಮಾತಾಡಿಸಿದಾಗ ನಾನು ಉತ್ತರ ಕೊಡಲಿಲ್ಲ, ಅದರ ಮರುದಿನವೂ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಟ್ರೇ ಒರೆಸುತ್ತಿದ್ದಾಗ ಕೇಳಿದಳು, "ಏನು ನಿಂದು, ಅಪ್ಪನ ಹತ್ರ ಟೂ ಬಿಟ್ಟಿದೀಯಂತೆ?" ನಾನು ಇಂಗ್ಲಿಷಿನಲ್ಲಿ ಬಡಬಡನೆ ಎಲ್ಲವನ್ನೂ ಹೇಳಿದೆ. ಆಗ ನಾನು ಮನೆಯಲ್ಲಿ ಎಲ್ಲರ ಕನ್ನಡಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಕಾಲ. ಏಳರಲ್ಲಿ ಎರಡು ಎಂದಾಗ ಅತ್ತೆಯ ಕೈ ನಿಂತಿತು. ಅವಳು ನಗಲಿಲ್ಲ. ತಪ್ಪು ಎಂದೂ ಹೇಳಲಿಲ್ಲ. ಇಪ್ಪತ್ತೈದು ವರ್ಷ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳ ಗುಣ ಅದು. ತಪ್ಪನ್ನು ಅವಳು ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ ಜೋಪಾನವಾಗಿ ಎತ್ತಿಕೊಳ್ಳುತ್ತಿದ್ದಳು. "ಚೆನ್ನಾಗಿದೆಯಲ್ಲ. ನಾವು ಹಾಕಿ ನೋಡೋಣ" ಎಂದು ಹಿಟ್ಟಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು.

"ಮೊದಲು ಒಂದು ಹೇಳು. ಅಮ್ಮನ್ನ ಬಿಟ್ಟುಬಿಡೋಣ. ಅಪ್ಪ ಒಬ್ಬನೇ ಮೂರು ದಿನಕ್ಕೊಂದು ಸಲ ಹೋಗ್ತಾನೆ. ಏಳು ದಿನದಲ್ಲಿ ಎಷ್ಟು ಸಲ ಆಯ್ತು?"

ನಾನು ಬೆರಳು ಮಡಚಿದೆ. ಎರಡು ಸಲ, ಮೇಲೆ ಇನ್ನೊಂದು ದಿನ ಉಳಿಯುತ್ತದೆ.

"ಅಂದ್ರೆ ಎರಡಕ್ಕಿಂತ ಒಂಚೂರು ಜಾಸ್ತಿ. ಈಗ ಅಮ್ಮನ್ನೂ ಸೇರಿಸಿದ್ವಿ. ಸೇರಿಸಿದ ಮೇಲೆ ಒಟ್ಟು ಎರಡೇ ಅಂತೀಯ. ಅಮ್ಮ ಡ್ಯೂಟಿಗೆ ಹೋಗಿದ್ದಕ್ಕೆ ಅಪ್ಪಂಗೆ ರಜ ಸಿಕ್ಕಿತೇನೇ?"

ನನಗೆ ನಗು ಬಂದುಬಿಟ್ಟಿತು. ಸಿಟ್ಟಿನಲ್ಲಿದ್ದಾಗ ನಗು ಬಂದರೆ ಎಷ್ಟು ಅವಮಾನವಾಗುತ್ತದೆ ಎಂದು ನಿಮಗೆ ಗೊತ್ತು. ಅತ್ತೆ ಅದನ್ನು ಗಮನಿಸದವಳಂತೆ ಟ್ರೇಯ ಮೇಲೆ ಮೂರು ಚುಕ್ಕಿ ಇಟ್ಟಳು, ಅದರ ಕೆಳಗೆ ನಾಲ್ಕು. "ಇದು ಅಪ್ಪನ ಸಾಲು, ಇದು ಅಮ್ಮಂದು. ಅಪ್ಪನ ಸಾಲು ಮೂರಕ್ಕೇ ಮುಗಿದುಹೋಗುತ್ತೆ, ಅಮ್ಮಂದು ನಾಲ್ಕಕ್ಕೆ. ಉದ್ದ ಬೇರೆ ಇದ್ರೆ ಕೂಡಿಸೋದು ಹೇಗೆ? ಎರಡೂ ಒಂದೇ ಕಡೆ ನಿಲ್ಲೋವರೆಗೂ ಎಳೀಬೇಕು." ಅಪ್ಪನ ಸಾಲಿಗೆ ಇನ್ನು ಮೂರು ಸೇರಿಸಿದಳು, ಆರಾಯಿತು, ಅಮ್ಮನದಕ್ಕೆ ನಾಲ್ಕು, ಎಂಟಾಯಿತು. ಅಪ್ಪನದು ಒಂಬತ್ತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಓಟದ ಪಂದ್ಯ ನೋಡುವ ಹಾಗೆ. ಹನ್ನೆರಡಕ್ಕೆ ಬಂದಾಗ ಎರಡು ಸಾಲೂ ಒಂದರ ಕೆಳಗೊಂದು ಸರಿಯಾಗಿ ನಿಂತವು. ಆಮೇಲೆ ದೇವರ ಮುಂದಿನ ಬಟ್ಟಲು ತಂದು, ಮೇಲಿನ ಸಾಲಿನಲ್ಲಿ ಮೂರಕ್ಕೊಂದು ಚುಕ್ಕಿಗೆ ಕುಂಕುಮ, ಕೆಳಗಿನ ಸಾಲಿನಲ್ಲಿ ನಾಲ್ಕಕ್ಕೊಂದಕ್ಕೆ ಅರಿಶಿನ ಹಚ್ಚಲು ನನಗೇ ಹೇಳಿದಳು. ಅಪ್ಪನದು ನಾಲ್ಕು, ಅಮ್ಮನದು ಮೂರು. "ಹನ್ನೆರಡರಲ್ಲಿ ಏಳು" ಎಂದೆ. "ಇದಕ್ಕೆ ಸಮಛೇದ ಅಂತಾರೆ. ಹೆಸರು ಮರೆತ್ರೂ ಪರವಾಗಿಲ್ಲ, ಎಳೆಯೋದನ್ನ ಮರೀಬೇಡ" ಎಂದಳು.

ಆಮೇಲೆ ಎರಡು ಸಾಲನ್ನೂ ಒರೆಸಿ ಒಂದೇ ಸಾಲು ಮಾಡಿಸಿದಳು. ಹನ್ನೆರಡು ಚುಕ್ಕಿ, ಅದರ ಮೇಲೇ ಕೆಂಪು, ಅದರ ಮೇಲೇ ಹಳದಿ. ಎಣಿಸಿದರೆ ಬಣ್ಣ ಬಿದ್ದದ್ದು ಆರಕ್ಕೆ ಮಾತ್ರ. ಏಳು ಎಲ್ಲಿ ಹೋಯಿತು ಎಂದು ನಾನು ಗಾಬರಿಯಾದೆ. ಅತ್ತೆ ಕೊನೆಯ ಚುಕ್ಕಿಯನ್ನು ತೋರಿಸಿದಳು. ಅದರ ಮೇಲೆ ಕುಂಕುಮವೂ ಅರಿಶಿನವೂ ಕೂತಿದ್ದವು. ಅಪ್ಪ ಅಮ್ಮ ಇಬ್ಬರೂ ಇಲ್ಲದ ದಿನ. "ಇಬ್ಬರೂ ಒಂದೇ ದಿನ ಹೋಗೋದ್ರಿಂದ ಇನ್ನೊಂದು ದಿನ ಬಿಳೀದಾಗಿ ಉಳೀತು. ಆರು ಬಿಳಿ. ಆರು ದಿನ ನಿನ್ನ ನಾಲ್ಕು ತಟ್ಟೆ. ನಿಮ್ಮಪ್ಪ ಸುಳ್ಳು ಹೇಳಿಲ್ಲ ಪುಟ್ಟಿ. ಪಾಪ, ಅವನಿಗೂ ಮನೆ ಊಟ ಬೇಡವೇ?" ಮರುದಿನ ಸಂಜೆ ಅಪ್ಪ ಬಂದಾಗ ನಾನು ಓಡಿಹೋಗಿ ಅವನ ಕೋಟು ಹಿಡಿದುಕೊಂಡೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಬಹಳ ಹೊತ್ತು ಹಾಗೇ ನಿಂತಿದ್ದ.

ಅಂದಿನಿಂದ ಟ್ರೇಯ ಕೆಳಗಂಚಿನಲ್ಲಿ ಯಾವಾಗಲೂ ಈ ಹನ್ನೆರಡು ಚುಕ್ಕಿಯ ಸಾಲು ಇರುತ್ತಿತ್ತು. ಮೇಲೆ ಹೂವೋ ಬಳ್ಳಿಯೋ ನವಿಲೋ ದಿನಕ್ಕೊಂದು ಬದಲಾಗುತ್ತಿತ್ತು; ಕೆಳಗಿನ ಸಾಲು ಮಾತ್ರ ನನ್ನ ಪಾಲಿನದು. ಕಳೆದ ದಿನದ ಚುಕ್ಕಿಯನ್ನು ಒರೆಸಿ, ಸಾಲು ಮುಗಿದಾಗ ಹೊಸದು ಹಾಕುವುದು ನನ್ನ ಕೆಲಸ. ಮುಂದೆ ಯಾವುದು ಬಿಳಿ, ಯಾವುದು ಕೆಂಪು ಎಂದು ಕಣ್ಣಿಗೆ ಕಾಣುತ್ತಿದ್ದರಿಂದ ಪರದೆ ಸರಿಸಿ ಕಾಯುವ ಸಂಕಟ ತಪ್ಪಿತು. ಆದರೂ ಆ ಕೊನೆಯ ಚುಕ್ಕಿ ಹತ್ತಿರವಾಗುತ್ತಿದ್ದಂತೆ ಮೊದಮೊದಲು ನನಗೆ ದಿಗಿಲಾಗುತ್ತಿತ್ತು. ಅತ್ತೆ ಅದಕ್ಕೆ ಮದ್ದು ಮಾಡಿದ ರೀತಿಯನ್ನು ನೆನೆದರೆ ಇವತ್ತೂ ಕೈ ಮುಗಿಯಬೇಕೆನಿಸುತ್ತದೆ. ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಆ ಸಂಜೆಗೆ ಮನೆಯ ಕಾನೂನುಗಳನ್ನೆಲ್ಲ ತೆಗೆದುಹಾಕಿದಳು. ಅವತ್ತು ಮೇಜಿನ ಮೇಲೆ ಊಟವಿಲ್ಲ, ಮುಂದಿನ ಕೋಣೆಯಲ್ಲಿ ದುಪ್ಪಟಿ ಹಾಸಿ ನೆಲದ ಮೇಲೆ. ಬೇಕ್ಡ್ ಬೀನ್ಸಿಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಟೋಸ್ಟಿನ ಮೇಲೆ ಸುರಿದುಕೊಂಡು ತಿನ್ನುವುದು. ಅಂಥ ರುಚಿಯನ್ನು ನಾನು ಆಮೇಲೆ ಎಷ್ಟೋ ಸಲ ಮಾಡಲು ಹೋಗಿ ಸೋತಿದ್ದೇನೆ. ಊಟವಾದ ಮೇಲೆ ಅಳಗುಳಿಮಣೆ. ಮಣೆ ಎಲ್ಲಿಂದ ಬರಬೇಕು? ಮಾರ್ಗರೆಟ್ಟಳ ಮನೆಯ ಮೊಟ್ಟೆ ಡಬ್ಬಿಯಲ್ಲಿ ಹನ್ನೆರಡು ಗುಳಿ, ಇನ್ನೆರಡಕ್ಕೆ ಆಚೆಗೊಂದು ಈಚೆಗೊಂದು ಟೀ ಕಪ್ಪು. ಮೊಟ್ಟೆ ಮುಟ್ಟದ ಅತ್ತೆ ಡಬ್ಬಿಯನ್ನು ಮಾತ್ರ ಒಪ್ಪಿಕೊಂಡಿದ್ದಳು. "ಡಬ್ಬಿ ಏನು ಪಾಪ ಮಾಡಿದೆ" ಎನ್ನುತ್ತಿದ್ದಳು. ಹುಣಿಸೆಬೀಜ ಗುಳಿಯಿಂದ ಗುಳಿಗೆ ಬೀಳುವ ಟಕ್ ಟಕ್ ಸದ್ದು, ಗೋಡೆಯ ಆಚೆ ಮಾರ್ಗರೆಟ್ಟಳ ಟೀವಿ, ಹೊರಗೆ ಮಳೆ. ಅತ್ತೆ ಯಾವತ್ತೂ ನನಗೆ ಬೇಕೆಂದು ಸೋಲಲಿಲ್ಲ. ಮಕ್ಕಳನ್ನು ಗೆಲ್ಲಿಸುವುದು ಮಕ್ಕಳಿಗೆ ಮಾಡುವ ಅವಮಾನ ಎಂಬುದು ಅವಳ ಖಚಿತ ಅಭಿಪ್ರಾಯವಾಗಿತ್ತು.

ಅವಳು ಮೂರನೆಯ ಸಲ ಬಂದ ವರ್ಷ, ಹೊಸ ಸಾಲು ಹಾಕಿದ ದಿನದ ಬಿಳಿ ಚುಕ್ಕಿಯ ಸಂಜೆ, ನಾಲ್ಕು ತಟ್ಟೆಗಳ ನಡುವೆ ಅಮ್ಮ ಒಂದು ಮಾತು ತೆಗೆದಳು. ಇಬ್ಬರೂ ಮಗುವನ್ನು ಬಿಟ್ಟು ಹೋಗುವ ಆ ಒಂದು ದಿನ ಅವಳ ಮನಸ್ಸನ್ನು ಎಷ್ಟು ಕಾಲದಿಂದ ಕೊರೆಯುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ವಾರ್ಡಿನಲ್ಲಿ ಬೇರೆಯವರ ಮಕ್ಕಳ ಹಣೆ ಮುಟ್ಟುವಾಗಲೆಲ್ಲ ನನ್ನ ನೆನಪಾಗುತ್ತದೆ ಎಂದಳು. ಅಪ್ಪ ತಕ್ಷಣ, "ಅದಕ್ಕೇನಂತೆ, ನಾನು ಹೊಸ ರೋಟಾನ ಒಂದು ದಿನ ಮುಂದಕ್ಕೆ ಶುರು ಮಾಡಿಸ್ಕೋತೀನಿ. ಆಗ ಕ್ಲ್ಯಾಶ್ ಆಗಲ್ಲ" ಎಂದ. ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ನಾವಿಬ್ಬರೂ ಟ್ರೇಯ ಮೇಲೆ ಅದನ್ನೆಲ್ಲ ಎಂದೋ ಮಾಡಿ ನೋಡಿದ್ದೆವು. "ಸೀನ, ಮೂರೂ ನಾಲ್ಕೂ ಎಲ್ಲಿಂದ ಹೊರಟರೂ ಹನ್ನೆರಡರಲ್ಲಿ ಒಂದು ಸಲ ಸಿಕ್ಕೇ ಸಿಗ್ತಾವೆ ಕಣೋ. ಜಾಗ ಬದಲಾಗುತ್ತೆ, ಸಿಗೋದು ತಪ್ಪಲ್ಲ" ಎಂದಳು ಅತ್ತೆ. ಅಪ್ಪ ಒಂದು ನಿಮಿಷ ಬೆರಳು ಮಡಚಿ ನೋಡಿ, ಸೋತೆ ಎಂದು ಜೋರಾಗಿ ನಕ್ಕ. ಅಮ್ಮ ನಗಲಿಲ್ಲ. "ನಾನು ಬೇರೆ ದಾರಿ ನೋಡ್ಕೊಂಡಿದೀನಿ ಪದ್ದಕ್ಕ. ನನ್ನ ಜೊತೆಯ ಡಾಕ್ಟರೊಬ್ಬಳು ಒಪ್ಪಿದಾಳೆ. ಆ ದಿನ ನನ್ನ ಬದಲು ಅವಳು ಮಾಡ್ತಾಳೆ, ಅದರ ಹಿಂದಿನ ದಿನ ಅವಳ ಬದಲು ನಾನು. ಪ್ರತಿ ಸಲವೂ. ಇನ್ಮೇಲೆ ಇವಳು ಒಬ್ಬಳೇ ಇರೋದು ಬೇಡ" ಎಂದಳು.

ಒಬ್ಬಳೇ. ಅಮ್ಮ ಅದನ್ನು ಯಾವ ಅರ್ಥದಲ್ಲೂ ಹೇಳಿರಲಿಲ್ಲ, ದಣಿದವಳ ಬಾಯಿಂದ ಬಂದ ಮಾತು. ಅತ್ತೆ ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಒಳ್ಳೇದೇ ಜಯಾ. ಆದ್ರೆ ಯಾರಿಗೋಸ್ಕರ ಇಷ್ಟೆಲ್ಲ ಮಾಡ್ತಿದೀಯೋ ಅವಳನ್ನ ಒಂದು ಮಾತು ಕೇಳು" ಎಂದಳು. ಕೈ ತೊಳೆದು ಬಂದು, ಪೋರ್ಚಿನಿಂದ ಟ್ರೇ ತಂದು ಮೇಜಿನ ಮೇಲಿಟ್ಟಳು. ನಮ್ಮ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕಿ, ಕೊನೆಯ ಚುಕ್ಕಿಯ ಅರಿಶಿನವನ್ನು ಹಿಂದಿನದಕ್ಕೆ ಸರಿಸಿದಳು. "ಮೇಲಿಂದು ಈಗಿರೋದು. ಬಿಳಿ ಆರು, ಇಬ್ಬರೂ ಇಲ್ಲದ್ದು ಒಂದು. ಕೆಳಗಿಂದು ಅಮ್ಮ ಹೇಳ್ತಿರೋದು. ಇಬ್ಬರೂ ಇಲ್ಲದ ದಿನವೇ ಇಲ್ಲ, ಆದ್ರೆ ಬಿಳಿ ಐದೇ. ನಾಲ್ಕು ತಟ್ಟೆ ಒಂದು ದಿನ ಕಮ್ಮಿ ಆಗುತ್ತೆ, ಯಾರೂ ಇಲ್ಲ ಅನ್ನೋದು ತಪ್ಪುತ್ತೆ. ಎರಡರಲ್ಲಿ ನಿನಗ್ಯಾವುದು ಬೇಕು ನೋಡಿ ಹೇಳು, ಪುಟ್ಟಿ." ಇಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಮಂಜಾದ ಗಾಜಿನಲ್ಲಿ ನೋಡಲು ಏನೂ ಇರಲಿಲ್ಲ. ತನ್ನ ಮುಖ ನೋಡಿ ನಾನು ಉತ್ತರವನ್ನು ಕಂಡುಕೊಳ್ಳಬಾರದು ಎಂದೇ ಅವಳು ಹಾಗೆ ತಿರುಗಿದಳೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ತನ್ನ ಸಂಜೆಯೊಂದನ್ನು ಕಳೆದುಕೊಳ್ಳುವ ಲೆಕ್ಕವನ್ನು ಅಷ್ಟು ನೆಟ್ಟಗೆ, ಒಂದು ಚುಕ್ಕಿಯನ್ನೂ ತನ್ನ ಕಡೆಗೆ ವಾಲಿಸದೆ ನನ್ನ ಮುಂದೆ ಬರೆದಿಟ್ಟಿದ್ದಳು.

ನಾನು ಎರಡು ಸಾಲನ್ನೂ ನೋಡಿದೆ. ಆರು ಐದಕ್ಕಿಂತ ಹೆಚ್ಚು, ಅದು ಸರಿ. ಆದರೆ ನನ್ನ ಕಣ್ಣು ಬಿಳಿಯ ಮೇಲಿರಲಿಲ್ಲ. ಕೆಳಗಿನ ಸಾಲಿನ ಕೊನೆಯಲ್ಲಿ ಬರೀ ಕುಂಕುಮ ಉಳಿದ ಚುಕ್ಕಿಯನ್ನು ನೋಡಿದಾಗ ದುಪ್ಪಟಿ, ಮೊಟ್ಟೆ ಡಬ್ಬಿ, ಹುಣಿಸೆಬೀಜ ಎಲ್ಲವನ್ನೂ ಯಾರೋ ಮಡಚಿ ಎತ್ತಿಡುತ್ತಿದ್ದಾರೆ ಅನ್ನಿಸಿತು. ಮೇಲಿನ ಸಾಲಿನ ಕೊನೆಯ ಚುಕ್ಕಿಯ ಪಕ್ಕ ಬೆರಳಿಟ್ಟು, ಎಂದೂ ಇಂಗ್ಲಿಷು ಬಿಡದ ನಾನು, "ಇದು ಅತ್ತೇದು. ಇದನ್ನ ತೆಗೀಬೇಡಿ" ಎಂದೆ. ಅಮ್ಮನ ಮುಖ ಒಂದು ಕ್ಷಣ ಬಿದ್ದುಹೋಯಿತು, ಆಮೇಲೆ ಅವಳು ನನ್ನ ಕೂದಲನ್ನು ಕಿವಿಯ ಹಿಂದೆ ಸರಿಸಿ, "ಸರಿ ಹಾಗಾದ್ರೆ" ಎಂದಳು. ಅತ್ತೆ ತಟ್ಟೆಗಳನ್ನೆತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ಆ ದಿನ ನಾಲ್ಕು ತಟ್ಟೆ ತೊಳೆಯಲು ಅವಳು ಸಿಕ್ಕಾಪಟ್ಟೆ ನೀರು ಬಿಟ್ಟಳು.

ಅದರ ಮುಂದಿನ ವರ್ಷವೂ ಅವಳು ಬಂದಳು, ಅದೇ ಕೊನೆ. ಆಮೇಲೆ ಅಪ್ಪ ಬಡ್ತಿ ಸಿಕ್ಕಿ ಕನ್ಸಲ್ಟೆಂಟ್ ಆದ, ಅಮ್ಮ ಆಸ್ಪತ್ರೆ ಬಿಟ್ಟು ಕ್ಲಿನಿಕ್ಕಿನಲ್ಲಿ ಫ್ಯಾಮಿಲಿ ಡಾಕ್ಟರಾದಳು, ರೋಟಾಗಳು ಸಡಿಲವಾದವು, ನಾನು ಹೈಸ್ಕೂಲಿಗೆ ಹೋದೆ. ಬಿಳಿ ಚುಕ್ಕಿಗಳು ತಾವಾಗಿಯೇ ಹೆಚ್ಚಿದವು. ನಾಲ್ಕನೆಯ ತಟ್ಟೆ ಮಾತ್ರ ಇರಲಿಲ್ಲ. ಅತ್ತೆಗೆ ಮಂಡಿ ನೋವು, ಆಮೇಲೆ ಕಣ್ಣು, ಆಮೇಲೆ ಅಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದರು. ಫೋನಿನಲ್ಲಿ ಪ್ರತಿ ಸಲವೂ "ಎಷ್ಟು ಬಿಳಿ?" ಎಂದು ಕೇಳುತ್ತಿದ್ದಳು. "ಎಲ್ಲಾ ಬಿಳೀನೇ ಅತ್ತೆ" ಎಂದರೆ, "ಅದೇನು ಚೆನ್ನ, ರಂಗೋಲಿಗೆ ಬಣ್ಣ ಬೇಡವೇ" ಎಂದು ನಗುತ್ತಿದ್ದಳು. ನಾನು ಟೀವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಮೈಸೂರಿನಲ್ಲಿ ಮಲಗಿದ್ದಲ್ಲೇ ಹೋಗಿಬಿಟ್ಟಳು. ಮಾರ್ಗರೆಟ್ ಅದಕ್ಕೂ ಮುಂಚೆಯೇ ಹೋಗಿದ್ದಳು. ಮನೆ ಮಾರಿ ಅಪ್ಪ ಅಮ್ಮ ಸಣ್ಣ ಫ್ಲ್ಯಾಟಿಗೆ ಹೋಗುವಾಗ ಟ್ರೇಯನ್ನು ಹುಡುಕಿದೆ, ಸಿಗಲಿಲ್ಲ. ಯಾವಾಗ ಯಾರು ಎಸೆದರೋ ಯಾರಿಗೂ ನೆನಪಿರಲಿಲ್ಲ.

ಹೋದ ಭಾನುವಾರ ನಾನು ಬಟ್ಟೆ ತರುವುದನ್ನು ಬಿಟ್ಟು, ಚೆಲ್ಲಿದ ಹಿಟ್ಟನ್ನೇ ಬೆರಳಿನಲ್ಲಿ ಹಿಡಿದು ಒಲೆಯ ಅಂಚಿನಲ್ಲಿ ಹನ್ನೆರಡು ಚುಕ್ಕಿ ಇಟ್ಟೆ. ವಕ್ರ ವಕ್ರವಾಗಿ ಬಂದವು. ಕುಂಕುಮ, ಅರಿಶಿನವನ್ನೂ ಹಚ್ಚಿದೆ. ಆಚೆ ಬದಿಯಲ್ಲಿ ರೊಟ್ಟಿ ಬೇಯುತ್ತಿದ್ದಾಗ ಅಪ್ಪ ಅಮ್ಮ ಬಂದರು. ಅಪ್ಪ ಕನ್ನಡಕವನ್ನು ಅಂಗಿಯಲ್ಲಿ ಒರೆಸಿಕೊಳ್ಳುತ್ತಾ ಸೋಫಾ ಹಿಡಿದ. ಅಮ್ಮ ಅಡಿಗೆಮನೆಗೆ ಬಂದು ಒಲೆಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು.

"ಪದ್ದಕ್ಕನ್ನ ಕೊನೇ ಸಲ ಏರ್‌ಪೋರ್ಟಿಗೆ ಬಿಟ್ಟಿದ್ದು ನಾನೇ" ಎಂದಳು. "ಅಪ್ಪ ಆನ್-ಕಾಲ್ ಇದ್ರು. ಕಾರಲ್ಲಿ ಕೇಳಿದೆ, ಇಷ್ಟು ವರ್ಷ ನಮಗೋಸ್ಕರ ಚಳೀಲಿ ಬಂದು ಒದ್ದಾಡಿದ್ರಿ, ನಿಮಗೆ ನಾವು ಏನೂ ಕೊಡ್ಲಿಲ್ಲ ಪದ್ದಕ್ಕ 
ಅಂತ. ಅದಕ್ಕೆ ಅವರು, ನಿನ್ನ ಮಗಳು ಕೊಟ್ಟಳಲ್ಲ ಜಯಾ ಅಂದ್ರು. ಎಲ್ಲರ ಮನೇಲೂ ನಾನು ಬೇಕಾದಾಗ ಕರೆಸಿಕೊಳ್ಳೋ ಅಕ್ಕ, ಅತ್ತೆ, ಮೇಡಮ್ಮು. ಬೇರೆ ಏರ್ಪಾಡಾದ ಮೇಲೂ ನಾನೇ ಬೇಕು ಅಂತ ಬೆರಳಿಟ್ಟು ತೋರಿಸಿದವಳು ಅವಳೊಬ್ಬಳೇ ಅಂದ್ರು." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತು ನೀನು ಹಾಗಂದಾಗ ನನಗೆ ಒಳಗೊಳಗೇ ಕೋಪ ಬಂದಿತ್ತು. ನಾನು ಅಷ್ಟು ಕಷ್ಟಪಟ್ಟು ಸ್ವಾಪ್ ಮಾಡ್ಕೊಂಡು ಬಂದಿದ್ದೆ. ಕಾರಲ್ಲಿ ಆ ಮಾತು ಕೇಳಿದ ಮೇಲೆ ಹೋಯ್ತು ಬಿಡು."

ಅಪ್ಪ ಒಳಗಿನಿಂದ ರೊಟ್ಟಿ ಸೀದ ವಾಸನೆ ಬರುತ್ತಿದೆ ಎಂದು ಕೂಗಿದ. ನಿಜವಾಗಿಯೂ ಸೀದಿತ್ತು. ಅಮ್ಮ ತಟ್ಟೆ ಇಡಲು ಹೋದಳು. ಮೇಜಿನ ಮೇಲೆ ಒಂದು, ಎರಡು, ಮೂರು ಇಟ್ಟು, ಕೈಯಲ್ಲಿ ಉಳಿದ ನಾಲ್ಕನೆಯದನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತು, ಕೊನೆಗೆ ಅದನ್ನೂ ಇಟ್ಟಳು. ಊಟವಾದ ಮೇಲೆ ನಾನು ಒಲೆ ಒರೆಸಿದೆ. ಹನ್ನೊಂದು ಚುಕ್ಕಿಯನ್ನು ಒರೆಸಿ, ಕೊನೆಯದನ್ನು ಹಾಗೇ ಬಿಟ್ಟೆ.